ಟೊಂಕ ಕಟ್ಟುವ ಮುನ್ನ

‘ಟೊಂಕ ಕಟ್ಟಿ ನಿಂತ’ ಎಂದರೆ ಈಗ ನಮ್ಮ ಕಣ್ಣ ಮುಂದೆ ಬರುವುದು ಚುನಾವಣೆಗೆ ಇಳಿದ ಅಭ್ಯರ್ಥಿ, ಇಲ್ಲವೇ ಮಗಳ ಮದುವೆಗಾಗಿ ಓಡಾಡುವ ತಂದೆ. ಮಾತು ಉಳಿದಿದೆ, ಕಟ್ಟುವುದು ಮರೆತುಹೋಗಿದೆ. ಹಿಂದೆ ಇದು ಬರಿಯ ಅಲಂಕಾರದ ಮಾತಾಗಿರಲಿಲ್ಲ. ಹತ್ತಿಯ ಅಂಡಿಗೆ ಹೊರುವ ಹಮಾಲ, ಬಾವಿ ತೋಡುವ ಒಡ್ಡ, ಜಾತ್ರೆಯಲ್ಲಿ ಗುಂಡುಕಲ್ಲಿಗೆ ಕೈ ಹಾಕುವ ಪೈಲ್ವಾನ, ಎಲ್ಲರೂ ಮೊದಲು ಧೋತರದ ಕಚ್ಚೆ ಬಿಗಿದು, ತಲೆಯ ರುಮಾಲು ಬಿಚ್ಚಿ ನಡುವಿಗೆ ಸುತ್ತಿಕೊಳ್ಳುತ್ತಿದ್ದರು. ಆಮೇಲೆಯೇ ಭಾರದ ಮಾತು.

ಇಂದು ಆ ರುಮಾಲಿನ ಜಾಗದಲ್ಲಿ ಚರ್ಮದ ಪಟ್ಟಿ ಬಂದಿದೆ. ಹಾವೇರಿ ಜಿಲ್ಲೆಯ ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನಂಥ ಊರಿನಲ್ಲೂ ಒಬ್ಬ ಹುಡುಗ ಮನೆಯ ಪಡಸಾಲೆಯಲ್ಲಿ ಒಂದು ಕಬ್ಬಿಣದ ಸಲಾಕೆ, ನಾಲ್ಕು ಜೊತೆ ತೂಕದ ಬಿಲ್ಲೆ ಇಟ್ಟುಕೊಂಡು ತಾಲೀಮು ಮಾಡಬಹುದು. ಬೇಕಾದ ಸಾಮಾನು ಪಾರ್ಸೆಲಿನಲ್ಲಿ ಬಾಗಿಲಿಗೇ ಬರುತ್ತದೆ. ಸಲಾಕೆಯ ಹಿಂದೆಯೇ ಅವನು ತರಿಸುವುದು ನಡುಪಟ್ಟಿಯನ್ನು, ಅಂದರೆ ಬೆಲ್ಟನ್ನು. ಯಾವ ಬೆಲ್ಟ್ ಒಳ್ಳೆಯದು ಎಂಬುದು ಅವನ ಪ್ರಶ್ನೆ. ಆದರೆ ಬೆಲ್ಟ್ ಏನು ಮಾಡುತ್ತದೆ ಎಂಬುದು ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ. ಇದರ ಉತ್ತರ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹತ್ತಿಮತ್ತೂರು ಹಳೆಯ ಊರು. 8ನೆಯ ಶತಮಾನದ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದ ಶಾಸನ ಅಲ್ಲಿ ದೊರೆತಿದೆ. ಪಕ್ಕದ ಹಾನಗಲ್ಲು ಕದಂಬರ ರಾಜಧಾನಿಯಾಗಿದ್ದ ಪಾನುಂಗಲ್ಲು. ಈ ಸೀಮೆಯ ಊರ ಹೊರಗೆ, ಗುಡಿಯ ಅಂಗಳದಲ್ಲಿ ನಿಂತಿರುವ ವೀರಗಲ್ಲುಗಳನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಕಾದಾಡುವ ವೀರನ ಮೈಮೇಲೆ ಬಟ್ಟೆ ಕಡಿಮೆ, ಆದರೆ ನಡುವಿನ ಕಟ್ಟು ಮಾತ್ರ ಬಿಗಿಯಾಗಿರುತ್ತದೆ. ಬಾಕು ಸಿಕ್ಕಿಸಲೂ ಅದೇ, ಮೈ ಹಿಡಿದು ನಿಲ್ಲಿಸಲೂ ಅದೇ.

ಹಾನಗಲ್ಲಿನ ಕದಂಬರು ಯಾರ ಸಾಮಂತರಾಗಿದ್ದರೋ ಆ ಕಲ್ಯಾಣದ ಚಾಳುಕ್ಯರಲ್ಲಿ ಮೂರನೆಯ ಸೋಮೇಶ್ವರ (ಆಳ್ವಿಕೆ 1126–1138) ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ದೊಡ್ಡ ಗ್ರಂಥ ಬರೆಸಿದ. ಅದರ ಮಲ್ಲವಿನೋದದ ಭಾಗದಲ್ಲಿ ಜಟ್ಟಿಗಳ ದರ್ಜೆ, ಆಹಾರ, ಪಟ್ಟುಗಳ ಜೊತೆಗೆ ಅವರ ‘ಶ್ರಮ’ಗಳ ವಿವರವೂ ಇದೆ. ಶ್ರಮ ಎಂದರೆ ಇಲ್ಲಿ ವ್ಯಾಯಾಮ. ನಡೆಯುವುದು, ಈಜುವುದು, ಕಂಬದ ಮೇಲಿನ ಕಸರತ್ತು, ಇವುಗಳ ನಡುವೆ ‘ಭಾರಶ್ರಮ’ವೂ ಒಂದು. ಭಾರ ಎತ್ತಿ ಮೈ ಗಟ್ಟಿ ಮಾಡಿಕೊಳ್ಳುವುದು ನಮಗೆ ಹೊರಗಿನಿಂದ ಬಂದ ವಿದ್ಯೆಯಲ್ಲ ಎನ್ನಲು ಇಷ್ಟು ಸಾಕು.

ರಾಜರು ಹೋದರೂ ಭಾರಶ್ರಮ ಹಳ್ಳಿಯಲ್ಲಿ ಉಳಿಯಿತು. ಉತ್ತರ ಕರ್ನಾಟಕದ ಜಾತ್ರೆ, ಹಬ್ಬಗಳಲ್ಲಿ ಸಂಗ್ರಾಣಿ ಕಲ್ಲು, ಗುಂಡುಕಲ್ಲು, ಉಸುಕಿನ ಚೀಲ ಎತ್ತುವ ಪಂದ್ಯಗಳು ಇಂದಿಗೂ ನಡೆಯುತ್ತವೆ. ಗುಂಡುಕಲ್ಲಿಗೆ ಹಿಡಿಕೆ ಇಲ್ಲ. ಕುಕ್ಕರಗಾಲಿನಲ್ಲಿ ಕುಳಿತು, ಕಲ್ಲನ್ನು ತೊಡೆಯ ಮೇಲೆ ಉರುಳಿಸಿಕೊಂಡು, ಎದೆಗೆ ಅವಚಿ, ಅಲ್ಲಿಂದ ಹೆಗಲಿಗೆ ತರಬೇಕು. ನೋಡುವವರ ಕಣ್ಣು ತೋಳಿನ ಮೇಲಿರುತ್ತದೆ. ಆದರೆ ಕಲ್ಲು ತೊಡೆಯಿಂದ ಎದೆಗೆ ಏರುವ ಆ ಗಳಿಗೆಯಲ್ಲಿ ಎತ್ತುವವನ ಬಾಯಿ ಮುಚ್ಚಿರುತ್ತದೆ, ಹೊಟ್ಟೆ ಬಿಗಿದಿರುತ್ತದೆ. ಉಸಿರು ಬಿಟ್ಟರೆ ಕಲ್ಲೂ ಹೋಯಿತು, ಬೆನ್ನೂ ಹೋಯಿತು.

ಗುಟ್ಟು ಇರುವುದೇ ಇಲ್ಲಿ. ನಮ್ಮ ಬೆನ್ನುಮೂಳೆ ನಡುವಿನ ಭಾಗದಲ್ಲಿ ಒಂಟಿ ಕಂಬ. ಎದೆಗಾದರೆ ಪಕ್ಕೆಲುಬಿನ ಗೂಡಿದೆ. ಹೊಟ್ಟೆಯ ಮಟ್ಟದಲ್ಲಿ ಮೂಳೆಯ ಆಸರೆ ಹಿಂದೆ ಮಾತ್ರ. ಆಳವಾಗಿ ಉಸಿರೆಳೆದು, ಗಂಟಲು ಮುಚ್ಚಿ, ಹೊಟ್ಟೆಯ ಸ್ನಾಯುಗಳನ್ನು ಬಿಗಿದಾಗ ಹೊಟ್ಟೆಯೊಳಗಿನ ಒತ್ತಡ ಏರುತ್ತದೆ. ಗಾಳಿ ತುಂಬಿದ ಚಂಡಿನಂತೆ ಹೊಟ್ಟೆ ಗಟ್ಟಿಯಾಗಿ, ಆ ಕಂಬಕ್ಕೆ ಮುಂದಿನಿಂದಲೂ ಆಸರೆ ಸಿಗುತ್ತದೆ. ಹೀಗೆ ಉಸಿರು ಕಟ್ಟಿ ಒತ್ತಡ ಹಾಕುವ ಕ್ರಮಕ್ಕೆ ವೈದ್ಯರು ಇಟಲಿಯ ಅಂಗರಚನಾ ತಜ್ಞ ಆಂಟೋನಿಯೊ ವಲ್ಸಾಲ್ವಾನ (1666–1723) ಹೆಸರನ್ನು ಇಟ್ಟಿದ್ದಾರೆ. ನಮ್ಮ ಹಮಾಲನಿಗೆ ಆ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಸುತ್ತಿದ ರುಮಾಲು ಉಬ್ಬಿದ ಹೊಟ್ಟೆಗೆ ಒಂದು ಗೋಡೆಯಾಗುತ್ತಿತ್ತು. ಹೊಟ್ಟೆ ಆ ಗೋಡೆಯನ್ನು ತಳ್ಳಿದಷ್ಟೂ ಒತ್ತಡ ಹೆಚ್ಚು, ನಡು ಅಷ್ಟು ಭದ್ರ. ಚರ್ಮದ ಬೆಲ್ಟ್ ಮಾಡುವುದೂ ಇಷ್ಟನ್ನೇ. ಅದು ಭಾರ ಎತ್ತುವುದಿಲ್ಲ, ಬೆನ್ನನ್ನು ಹಿಡಿದು ನಿಲ್ಲಿಸುವುದೂ ಇಲ್ಲ. ನಮ್ಮ ಉಸಿರಿಗೆ ಗೋಡೆಯಾಗುತ್ತದೆ, ಅಷ್ಟೆ.

ಹಾಗಾದರೆ ಗರಡಿಯಲ್ಲಿದ್ದ ತಾಲೀಮು ಮನೆಗೆ ಬಂದದ್ದು ಹೇಗೆ? 19ನೆಯ ಶತಮಾನದ ಕೊನೆಯಲ್ಲಿ ಯುಜೀನ್ ಸ್ಯಾಂಡೋ (1867–1925) ಎಂಬ ಬಲಶಾಲಿ ಯುರೋಪಿನಲ್ಲಿ ಹೆಸರಾದ. ವೇದಿಕೆಯ ಮೇಲೆ ಮೈಕಟ್ಟು ಮೆರೆಸುವುದರ ಜೊತೆಗೆ, ಮನೆಯಲ್ಲೇ ವ್ಯಾಯಾಮ ಮಾಡುವ ಸಲಕರಣೆಗಳನ್ನೂ ಪುಸ್ತಕಗಳನ್ನೂ ಮಾರಿದ. 1904–05ರಲ್ಲಿ ಭಾರತಕ್ಕೂ ಬಂದಿದ್ದ. ಆ ಗಾಳಿ ಕನ್ನಡ ನಾಡಿನಲ್ಲಿ ಒಂದು ಒಳ್ಳೆಯ ರೂಪ ಪಡೆದದ್ದು ಬೆಂಗಳೂರಿನ ಕೆ.ವಿ. ಅಯ್ಯರ್ ಅವರಿಂದ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಲೇಖಕರೆಂದು ಅವರನ್ನು ಬಲ್ಲವರು ಬಹಳ. ಅದೇ ಅಯ್ಯರ್ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದವರು, 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ಬರೆದವರು, ಅಂಚೆಯ ಮೂಲಕ ಅಂಗಸಾಧನೆಯ ಪಾಠ ಕಲಿಸಿದವರು. ಅಂಚೆಯಣ್ಣ ತರುವ ಲಕೋಟೆಯಲ್ಲಿ ಗರಡಿ ಬರತೊಡಗಿದ್ದು ಆಗಲೇ. ಆದರೂ ಲಕೋಟೆಯ ಆ ಬದಿಗೆ ಒಬ್ಬ ಗುರು ಇದ್ದ ಎಂಬುದನ್ನು ಮರೆಯಬಾರದು.

ಇತ್ತ ಭಾರ ಎತ್ತುವುದು 1896ರ ಅಥೆನ್ಸ್ ಒಲಿಂಪಿಕ್ಸಿನಲ್ಲೇ ಸ್ಪರ್ಧೆಯಾಗಿತ್ತು. ಮುಂದೆ ಸಲಾಕೆಯನ್ನು ಎದೆಯಿಂದ ತಲೆಯ ಮೇಲಕ್ಕೆ ಬರೀ ತೋಳಿನಿಂದ ಒತ್ತುವ ‘ಪ್ರೆಸ್’ ಎಂಬ ವಿಧಾನವೂ ಸೇರಿತು. ಅದರಲ್ಲಿ ಸ್ಪರ್ಧಾಳುಗಳು ಬಿಲ್ಲಿನಂತೆ ಹಿಂದಕ್ಕೆ ಬಾಗತೊಡಗಿದರು. ತೀರ್ಪು ಕೊಡುವುದು ಕಷ್ಟವಾಯಿತು, ನಡುವಿಗೂ ಅಪಾಯ. 1972ರ ಮ್ಯೂನಿಕ್ ಒಲಿಂಪಿಕ್ಸಿನ ನಂತರ ಅದನ್ನು ಕೈಬಿಡಲಾಯಿತು. ಬೆಲ್ಟ್ ಮಾತ್ರ ಉಳಿಯಿತು, ಅದಕ್ಕೂ ಅಳತೆ ಬಂತು. ಒಲಿಂಪಿಕ್ ಶೈಲಿಯ ಭಾರ ಎತ್ತುವಿಕೆಯಲ್ಲಿ ಅದರ ಅಗಲ 12 ಸೆಂಟಿಮೀಟರ್ ಮೀರಬಾರದು. ಪವರ್‌ಲಿಫ್ಟಿಂಗ್‌ನಲ್ಲಿ ಅಗಲ 10 ಸೆಂಟಿಮೀಟರ್, ದಪ್ಪ 13 ಮಿಲಿಮೀಟರ್ ಮಿತಿ.

ಬೆಲ್ಟ್ ಕಟ್ಟಿದರೆ ನಡು ಉಳುಕುವುದಿಲ್ಲ ಎಂಬ ನಂಬಿಕೆ ಹಬ್ಬಿ, ಅಮೆರಿಕದಲ್ಲಿ ಗೋದಾಮು, ಅಂಗಡಿಗಳ ಕೆಲಸಗಾರರಿಗೂ ಅದನ್ನು ತೊಡಿಸಿದರು. ಅಲ್ಲಿನ ಸರ್ಕಾರಿ ಔದ್ಯೋಗಿಕ ಆರೋಗ್ಯ ಸಂಸ್ಥೆ 1994ರಲ್ಲಿ ಇದನ್ನು ಪರಿಶೀಲಿಸಿ, ಗಾಯವಾಗದ ಕೆಲಸಗಾರನ ಬೆನ್ನನ್ನು ಬೆಲ್ಟ್ ಕಾಯುತ್ತದೆ ಎಂಬುದಕ್ಕೆ ಪುರಾವೆ ಇಲ್ಲ ಎಂದಿತು. ದೊಡ್ಡ ಅಂಗಡಿ ಮಳಿಗೆಗಳ ಸಾವಿರಾರು ಕೆಲಸಗಾರರನ್ನು ಎರಡು ವರ್ಷ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಫಲವೂ ಅದೇ. ದಿನವಿಡೀ ಹೊರುವವನಿಗೆ ಬೇಕಾದದ್ದು ಹಗುರ ಚೀಲ. ಗಂಡಾಳಿಗೆ 55 ಕಿಲೋಗಿಂತ ಹೆಚ್ಚು ಹೊರಿಸಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತ್ತು. ಬೆಲ್ಟಿಗೆ ಅರ್ಥವಿರುವುದು ತಾಲೀಮು ಬಲ್ಲವನು, ಕೆಲವೇ ಕ್ಷಣ, ತನ್ನ ಶಕ್ತಿಯ ಮಿತಿಗೆ ಹತ್ತಿರದ ಭಾರ ಎತ್ತುವಾಗ ಮಾತ್ರ.

ಇಷ್ಟು ತಿಳಿದ ಮೇಲೆ ಆಯ್ಕೆ ಸುಲಭ. ಕೆಲಸ ಮಾಡುವುದು ಹೊಟ್ಟೆಯಾದ್ದರಿಂದ, ಭಾರ ಹೊತ್ತು ಬಸ್ಕಿ ಹೊಡೆಯುವವನಿಗೆ, ನೆಲದಿಂದ ಸಲಾಕೆ ಎತ್ತುವವನಿಗೆ ಹಿಂದೆ ಮುಂದೆ ಒಂದೇ ಅಗಲವಿರುವ ಪಟ್ಟಿ ಒಳ್ಳೆಯದು. ಹಿಂದೆ ಅಗಲ, ಮುಂದೆ ಕಿರಿದಾದ ಪಟ್ಟಿ ಸಲಾಕೆಯನ್ನು ವೇಗವಾಗಿ ಎದೆಗೆ, ತಲೆಯ ಮೇಲಕ್ಕೆ ಒಯ್ಯುವವರಿಗೆ ಅನುಕೂಲ. 10 ಸೆಂಟಿಮೀಟರ್ ಅಗಲ ಬಹುಮಂದಿಗೆ ಹೊಂದುತ್ತದೆ. ಗಿಡ್ಡ ಆಳಿಗೆ ಪಕ್ಕೆಲುಬಿಗೋ ಸೊಂಟದ ಮೂಳೆಗೋ ಒತ್ತಿದರೆ ಏಳೂವರೆ ಸಾಕು. ಮನೆಯ ತಾಲೀಮಿಗೆ 10 ಮಿಲಿಮೀಟರ್ ದಪ್ಪದ ಚರ್ಮ ಧಾರಾಳ. 13 ಮಿಲಿಮೀಟರಿನದು ಮೈಗೆ ಪಳಗಲು ತಿಂಗಳುಗಳೇ ಬೇಕು. ಒಂದೇ ಮುಳ್ಳಿನ ಬಕಲ್ಲು ಸರಳ, ಬಾಳಿಕೆಯದು. ಅಂಟುಪಟ್ಟಿಯ ನೈಲಾನ್ ಬೆಲ್ಟ್ ಹಗುರ, ಆದರೆ ಅಂಟು ಸವೆದರೆ ಭಾರದ ನಡುವೆಯೇ ಬಿಚ್ಚಿಕೊಂಡೀತು. ಪ್ಯಾಂಟಿನ ಅಳತೆ ಕೊಡಬೇಡಿ. ಹೊಕ್ಕುಳ ಮಟ್ಟದಲ್ಲಿ ಟೇಪು ಸುತ್ತಿ ಅಳೆಯಿರಿ. ಕಟ್ಟಿದ ಮೇಲೆ ಹೊಟ್ಟೆ ತುಂಬ ಉಸಿರೆಳೆಯಲು ಬರದಿದ್ದರೆ ಅದು ತೀರ ಬಿಗಿ.

ಉಸಿರು ಕಟ್ಟಿದಾಗ ರಕ್ತದೊತ್ತಡವೂ ಏರುತ್ತದೆ. ಬಿ.ಪಿ., ಹೃದಯದ ತೊಂದರೆ, ಹರ್ನಿಯಾ ಇರುವವರು ವೈದ್ಯರನ್ನು ಕೇಳದೆ ಈ ಸಾಹಸಕ್ಕೆ ಹೋಗಬಾರದು. ಹೊಸಬರು ಮೊದಲ ಕೆಲವು ತಿಂಗಳು ಬೆಲ್ಟಿಲ್ಲದೆ, ಹಗುರ ಭಾರದಲ್ಲಿ ಬೆನ್ನು ನೇರವಿಟ್ಟು ಎತ್ತುವುದನ್ನು ಕಲಿಯಬೇಕು.

ಕುಂದಾಪುರ ಕಡೆಯ ವಂಡ್ಸೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. ಮೊದಲು ಕುಸ್ತಿಯ ಆಸೆಯಿದ್ದ ಹುಡುಗ ಅವರು. ಉಜಿರೆಯ ಕಾಲೇಜಿನಲ್ಲಿ ತರಬೇತುದಾರರ ಕಣ್ಣೆದುರು ಭಾರ ಎತ್ತಲು ಕಲಿತವರು. ಗರಡಿಯಲ್ಲಿ ಹನುಮಪ್ಪನ ಪಟದ ಕೆಳಗೆ ಕುಳಿತ ವಸ್ತಾದನೂ ಹುಡುಗನ ನಡು ಬಾಗಿದ ಕೂಡಲೇ ‘ಇಳಸಲೇ ತಮ್ಮಾ’ ಎಂದು ಗದರುತ್ತಿದ್ದ. ಆ ಗದರಿಕೆ ಎಷ್ಟು ನಡುಗಳನ್ನು ಉಳಿಸಿದೆಯೋ ಲೆಕ್ಕ ಇಟ್ಟವರಿಲ್ಲ. ಮನೆಯ ಪಡಸಾಲೆಯಲ್ಲಿ ಒಬ್ಬನೇ ಎತ್ತುವ ಹುಡುಗನಿಗೆ ಬೆಲ್ಟ್ ಪಾರ್ಸೆಲಿನಲ್ಲಿ ಬರುತ್ತದೆ, ವಸ್ತಾದ ಬರುವುದಿಲ್ಲ. ಬೆಲ್ಟಿಗೆ ಹಣ ಕೊಡುವ ಮೊದಲು, ಊರಲ್ಲಿ ಇನ್ನೂ ಉಳಿದಿರುವ ಒಬ್ಬ ಹಳೆಯ ಪೈಲ್ವಾನನನ್ನು ಕರೆದು ಎದುರಿಗೆ ಕೂರಿಸಿಕೊಳ್ಳುವುದು ಒಳ್ಳೆಯದು.