ಮೂಲ ಕಡತ ಯಾರ ಕೈಯಲ್ಲಿ? ಆನ್‌ಲೈನ್ ತರಬೇತಿಯ ತಂತ್ರಾಂಶಗಳು ಮತ್ತು ಕನ್ನಡ

ಪ್ರಾಥಮಿಕ ಶಾಲಾ ಶಿಕ್ಷಕರ ‘ನಿಷ್ಠಾ’ ತರಬೇತಿ 2020ರ ಅಕ್ಟೋಬರ್ 6ರಿಂದ ಆನ್‌ಲೈನ್ ಆಯಿತು. ಕೋವಿಡ್ ಕಾಲ, ಶಾಲೆಗಳಿಗೆ ಬೀಗ. ಹರಪನಹಳ್ಳಿ ತಾಲ್ಲೂಕಿನ ನೀಲಗುಂದದಂಥ ಊರಿನ ಮೇಷ್ಟ್ರಿಗೂ ಬೆಂಗಳೂರಿನ ಮೇಷ್ಟ್ರಿಗೂ ಸರ್ಕಾರದ ಅದೇ ದೀಕ್ಷಾ ಆನ್‌ಲೈನ್ ವೇದಿಕೆ, ಅವೇ 18 ಕೋರ್ಸು. ಮುಗಿಸಿದರೆ ಪ್ರಮಾಣಪತ್ರ. ಕೋರ್ಸುಗಳು ಕನ್ನಡದಲ್ಲಿದ್ದವು. ಅದೇ ಸೀಮೆಯಿಂದ ಬ್ಯಾಂಕಿಗೋ ವಿಮಾ ಕಂಪನಿಗೋ ಕಾರ್ಖಾನೆಯ ಕಚೇರಿಗೋ ಕೆಲಸಕ್ಕೆ ಸೇರಿದವರು ನೋಡುವ ಆನ್‌ಲೈನ್ ತರಬೇತಿ ಮಾತ್ರ ಹೆಚ್ಚಾಗಿ ಇಂಗ್ಲಿಷಿನದು. ಹಣ ದುರ್ಬಳಕೆ ತಡೆ, ಮಾಹಿತಿ ಭದ್ರತೆ, 2013ರ ಕಾಯ್ದೆ ಪ್ರಕಾರದ ಲೈಂಗಿಕ ಕಿರುಕುಳ ತಡೆ, ಯಾವುದೇ ಇರಲಿ, ‘ನೆಕ್ಸ್ಟ್’ ಒತ್ತಿ ಒತ್ತಿ ಕೊನೆ ಮುಟ್ಟುವುದೇ ರೂಢಿ.

ಈ ವ್ಯತ್ಯಾಸಕ್ಕೆ ಮಾರುಕಟ್ಟೆಯೇ ಕಾರಣ, ಕನ್ನಡಕ್ಕೆ ದುಡ್ಡು ಕೊಡುವವರಿಲ್ಲ ಎಂಬ ಉತ್ತರ ಸಿದ್ಧವಾಗಿದೆ. ಅದು ಸುಳ್ಳಲ್ಲ, ಆದರೆ ಅರ್ಧ ಉತ್ತರ. ಉಳಿದರ್ಧ ಆ ಕೋರ್ಸುಗಳನ್ನು ತಯಾರಿಸುವ ತಂತ್ರಾಂಶಗಳಲ್ಲಿ, ಅಂದರೆ ಉದ್ಯಮದವರು ಆಥರಿಂಗ್ ಟೂಲ್ ಎನ್ನುವವುಗಳಲ್ಲಿ ಅಡಗಿದೆ ಎಂಬುದು ಈ ಟಿಪ್ಪಣಿಯ ವಾದ.

ಈ ಉದ್ಯಮದಲ್ಲಿ ಕರ್ನಾಟಕ ಹೊರಗಿನದೇನಲ್ಲ. ಸುಧನ್ವ ಧನಂಜಯ ಅವರ ಎಕ್ಸೆಲ್‌ಸಾಫ್ಟ್ ಮೈಸೂರಿನಲ್ಲಿ 2000ದಲ್ಲಿ ಆರಂಭವಾಯಿತು. ‘ಸರಸ್’ ಎಂಬ ಕಲಿಕಾ ನಿರ್ವಹಣಾ ವ್ಯವಸ್ಥೆ ಅದರದೇ. ಅಂತರರಾಷ್ಟ್ರೀಯ ಪ್ರಕಾಶನ ಸಂಸ್ಥೆ ಪಿಯರ್ಸನ್ ಅದರ ದೊಡ್ಡ ಗ್ರಾಹಕ. 2025ರ ನವೆಂಬರ್‌ನಲ್ಲಿ ಕಂಪನಿ ಷೇರುಪೇಟೆಗೂ ಬಂತು. ಆಶಾ ಪಾಂಡೆ 2002ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಇಐ ಡಿಸೈನ್ ಕಾರ್ಪೊರೇಟ್ ಕೋರ್ಸುಗಳ ತಯಾರಿಕೆಯಲ್ಲಿ ಹೆಸರು ಮಾಡಿ, 2022ರಲ್ಲಿ ಎಂಪಿಎಸ್ ಕಂಪನಿಯ ಪಾಲಾಯಿತು. ಅದೇ ಎಂಪಿಎಸ್ 2018ರಲ್ಲಿ ಮುಂಬಯಿಯ ಟಾಟಾ ಇಂಟರ್‌ಆ್ಯಕ್ಟಿವ್ ಸಿಸ್ಟಮ್ಸ್ ಅನ್ನೂ ಕೊಂಡಿತ್ತು. ಇನ್ನು ತಂತ್ರಾಂಶಗಳ ವಿಚಾರ: ಇಹೆಲ್ಪ್ ಕಂಪನಿಯ ರೋಬೋಡೆಮೊ 2003ರ ಕೊನೆಗೆ ಮ್ಯಾಕ್ರೋಮೀಡಿಯಾ ಕೈಸೇರಿ, 2004ರಲ್ಲಿ ಕ್ಯಾಪ್ಟಿವೇಟ್ ಆಯಿತು. 2005ರ ಡಿಸೆಂಬರ್‌ನಲ್ಲಿ ಮ್ಯಾಕ್ರೋಮೀಡಿಯಾವನ್ನೇ ಅಡೋಬಿ ಕೊಂಡಿತು. ಮುಂದೆ ಕ್ಯಾಪ್ಟಿವೇಟ್ ಬೆಳೆದದ್ದರಲ್ಲಿ ಬೆಂಗಳೂರಿನ ಇಂಜಿನಿಯರುಗಳ ಪಾಲು ದೊಡ್ಡದು. ಅದರ ಪ್ರತಿಸ್ಪರ್ಧಿ ಸ್ಟೋರಿಲೈನ್ ಅನ್ನು ನ್ಯೂಯಾರ್ಕ್ ಮೂಲದ ಆರ್ಟಿಕ್ಯುಲೇಟ್ 2012ರಲ್ಲಿ ತಂದಿತು. ಇಂದು ಕೋರ್ಸು ತಯಾರಿಸುವ ಕಚೇರಿಗಳಲ್ಲಿ ಕೆಲಸಕ್ಕೆ ಹೋದರೆ ಮೊದಲು ಕೇಳುವುದು ‘ಸ್ಟೋರಿಲೈನ್ ಬರುತ್ತಾ?’ ಎಂದೇ. ಹೀಗೆ ದುಡಿಮೆಯೂ ಕೌಶಲವೂ ನಮ್ಮಲ್ಲೇ ಇದ್ದವು. ಗಿರಾಕಿಗಳು ಹೊರಗಿದ್ದರು.

ಈ ತಂತ್ರಾಂಶಗಳಲ್ಲಿ ಮಾಡಿದ ಕೋರ್ಸಿಗೆ ಎರಡು ರೂಪ. ಒಂದು, ತಯಾರಕರು ತೆರೆದು ತಿದ್ದುವ ಮೂಲ ಕಡತ; ಸ್ಟೋರಿಲೈನ್ ಆದರೆ ಹೆಸರಿನ ಬಾಲದಲ್ಲಿ ‘ಸ್ಟೋರಿ’ ಎಂದಿರುತ್ತದೆ. ಇನ್ನೊಂದು, ಅದನ್ನು ‘ಪಬ್ಲಿಷ್’ ಮಾಡಿದಾಗ ಹೊರಬೀಳುವ ಜಿಪ್ ಪೊಟ್ಟಣ. ಗ್ರಾಹಕನ ಸರ್ವರಿಗೆ ಹೋಗುವುದು ಪೊಟ್ಟಣ ಮಾತ್ರ. ಅದನ್ನು ನೋಡಬಹುದು, ಓಡಿಸಬಹುದು. ತಂತ್ರಾಂಶದಲ್ಲಿ ಮತ್ತೆ ತೆರೆದು ತಿದ್ದಲಿಕ್ಕೆ ಆಗದು. ಮೂಲ ಕಡತವನ್ನು ಒಪ್ಪಿಸಬೇಕೋ ಬೇಡವೋ ಎಂಬುದು ಕರಾರುಪತ್ರದ ಒಂದು ಸಾಲಿಗೆ ಬಿಟ್ಟದ್ದು. ಆ ಸಾಲು ಇಲ್ಲದಿದ್ದರೆ ಕನ್ನಡದ ಆವೃತ್ತಿ ಬೇಕೆಂದವರು ಹಳೆಯ ತಯಾರಕರ ಬಾಗಿಲಿಗೇ ಹೋಗಬೇಕು, ಇಲ್ಲವೇ ಎಲ್ಲವನ್ನೂ ಹೊಸದಾಗಿ ಮಾಡಿಸಬೇಕು.

ಪೊಟ್ಟಣವನ್ನು ಬಿಚ್ಚಿ ನೋಡುವುದು ಒಳ್ಳೆಯ ಅಭ್ಯಾಸ. ಒಳಗೆ ‘ಐಎಂಎಸ್ ಮ್ಯಾನಿಫೆಸ್ಟ್’ ಎಂಬ ಪಟ್ಟಿ ಇರುತ್ತದೆ: ಕೋರ್ಸಿನ ಹೆಸರೇನು, ಯಾವ ಪುಟದಿಂದ ಶುರು, ಯಾವ್ಯಾವ ಕಡತಗಳಿವೆ. ಇದೆಲ್ಲ ಅಮೆರಿಕದ ರಕ್ಷಣಾ ಇಲಾಖೆಯ ಎಡಿಎಲ್ ಯೋಜನೆ ರೂಪಿಸಿದ ಸ್ಕಾರ್ಮ್ ಮಾನದಂಡದ ಪ್ರಕಾರ. ಅದರ 1.2 ಆವೃತ್ತಿ ಬಂದದ್ದು 2001ರ ಅಕ್ಟೋಬರ್‌ನಲ್ಲಿ. ಇಪ್ಪತ್ತು ವರ್ಷ ದಾಟಿದರೂ ಚಲಾವಣೆಯಲ್ಲಿದೆ. ಪೊಟ್ಟಣ ಸರ್ವರಿಗೆ ಹೇಳುವುದು ಬಹಳ ಕಡಿಮೆ: ಕಲಿಯುವವರ ಸ್ಥಿತಿ ಪಾಸೋ ಫೇಲೋ, ಮುಗಿಯಿತೋ ಬಾಕಿಯೋ, ಅಂಕ ಎಷ್ಟು, ಎಷ್ಟು ಹೊತ್ತು ಕೂತರು, ಎಲ್ಲಿಗೆ ಬಿಟ್ಟರು. ಕೋರ್ಸು ತನ್ನ ಸ್ಥಿತಿಯನ್ನು ನೆನಪಿಟ್ಟುಕೊಳ್ಳಲು 4096 ಅಕ್ಷರಗಳ ಜಾಗ. ಅರ್ಥವಾಯಿತೇ ಎಂದು ಕೇಳುವ ಅಂಕಣ ಇಲ್ಲ. ಕಾನೂನಿನ ಪಾಲನೆ ತೋರಿಸಬೇಕಾದ ಕಂಪನಿಗೆ ಅದು ಬೇಕಾಗಿಯೂ ಇಲ್ಲ ಎಂಬುದು ಬೇರೆ ಮಾತು.

ಕುತೂಹಲದ ಸಂಗತಿ ಎಂದರೆ ಕಲಿಯುವವರಿಗೆ ಬೇಕಾದ ಭಾಷೆ ಯಾವುದೆಂದು ದಾಖಲಿಸುವ ಅಂಕಣ 2001ರ ಆ ಮಾನದಂಡದಲ್ಲೇ ಇತ್ತು. ಆದರೆ ಅದು ಐಚ್ಛಿಕ. ಸರ್ವರ್ ಅದನ್ನು ಇಟ್ಟುಕೊಳ್ಳಲೇಬೇಕೆಂದಿರಲಿಲ್ಲ. ‘ಸ್ಕಾರ್ಮ್ 2004’ ಎಂಬ ಮುಂದಿನ ಆವೃತ್ತಿಯಲ್ಲಿ ಸರ್ವರಿಗೆ ಅದು ಕಡ್ಡಾಯವಾಯಿತು. ಕೋರ್ಸು ಅದನ್ನು ಓದಲೇಬೇಕೆಂಬ ನಿಯಮ ಆಗಲೂ ಬರಲಿಲ್ಲ. ನೌಕರ ‘ಕನ್ನಡ’ ಎಂದು ಆರಿಸಿದರೂ ಇಂಗ್ಲಿಷ್ ಕೋರ್ಸು ಏನೂ ಕೇಳದಂತೆ ಇಂಗ್ಲಿಷಿನಲ್ಲೇ ಸಾಗಬಹುದು. ಇಲ್ಲಿ ತಂತ್ರಜ್ಞಾನ ಸೋತಿತು ಎನ್ನಲಾಗದು. ಜಾಗ ಇತ್ತು, ತುಂಬುವವರಿರಲಿಲ್ಲ.

ಇನ್ನು ಭಾಷಾಂತರದ ಕೆಲಸವನ್ನೇ ನೋಡೋಣ. ಸ್ಟೋರಿಲೈನ್ ಕೋರ್ಸಿನ ಬರಹವನ್ನೆಲ್ಲ ವರ್ಡ್ ಕಡತವಾಗಿ ಹೊರತೆಗೆದು, ಭಾಷಾಂತರಿಸಿದ ಮೇಲೆ ಮತ್ತೆ ಒಳಸೇರಿಸುತ್ತದೆ. ಕೇಳಲು ಸುಲಭ. ಚಿತ್ರದೊಳಗೆ ಅಚ್ಚಾದ ಬರಹ ಹೊರಗೆ ಬರುವುದೇ ಇಲ್ಲ. ಸುರಕ್ಷತಾ ಫಲಕದ ಚಿತ್ರ ಇಂಗ್ಲಿಷಿನಲ್ಲೇ ಉಳಿಯುತ್ತದೆ. ಇಂಗ್ಲಿಷಿನ ಅಳತೆಗೆ ಕತ್ತರಿಸಿದ ಪೆಟ್ಟಿಗೆಯಲ್ಲಿ ಕನ್ನಡದ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ಗುಂಡಿಯ ಮೇಲಿನ ಹೆಸರು ಎರಡು ಸಾಲಾಗುತ್ತದೆ. ಕನ್ನಡದ ವಾಯ್ಸ್‌ಓವರ್ ಇಂಗ್ಲಿಷಿನಷ್ಟೇ ಹೊತ್ತಿಗೆ ಮುಗಿಯುವುದಿಲ್ಲವಾದ್ದರಿಂದ ಮಾತಿನ ಜತೆ ಒಂದೊಂದಾಗಿ ಮೂಡುವ ಬಾಣ, ಚಿತ್ರ, ಸಾಲುಗಳ ಸಮಯವನ್ನೆಲ್ಲ ಸ್ಲೈಡಿನಿಂದ ಸ್ಲೈಡಿಗೆ ಮತ್ತೆ ಹೊಂದಿಸಬೇಕು. ಇಲಾಖೆಯಿಂದ ಬಂದ ಕನ್ನಡ ಪಠ್ಯ ಹಳೆಯ ನುಡಿ ಫಾಂಟಿನದಾದರೆ ಇನ್ನೊಂದು ಫಜೀತಿ: ಅದರಲ್ಲಿ ಕನ್ನಡದ ಆಕಾರಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂತಿರುವುದರಿಂದ ಯೂನಿಕೋಡ್‌ಗೆ ಪರಿವರ್ತಿಸದೆ ಅಂಟಿಸಿದರೆ ಬರುವುದು ಬರೀ ಕಸ. ಈ ಎಲ್ಲ ಕೆಲಸ ಯೋಜನೆಯ ಕೊನೆಯ ವಾರಕ್ಕೆ, ಉಳಿದ ಹಣಕ್ಕೆ ಬೀಳುತ್ತದೆ. ಸ್ಟೋರಿಬೋರ್ಡನ್ನೇ, ಅಂದರೆ ಕೋರ್ಸಿನ ಸ್ಲೈಡುವಾರು ಕರಡನ್ನೇ, ಕನ್ನಡದಲ್ಲಿ ಬರೆದು ಶುರು ಮಾಡಿದರೆ ಇದರಲ್ಲಿ ಬಹುಪಾಲು ತಾಪತ್ರಯ ಹುಟ್ಟುವುದೇ ಇಲ್ಲ.

ಮೂಲ ಕಡತದ ಬೆಲೆ ಉದ್ಯಮಕ್ಕೇ ಒಮ್ಮೆ ಚೆನ್ನಾಗಿ ಮನದಟ್ಟಾಯಿತು. ಅಡೋಬಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರಿಗೆ ಬೆಂಬಲ ನಿಲ್ಲಿಸಿ, 2021ರ ಜನವರಿ 12ರಿಂದ ಅದರಲ್ಲಿ ಫ್ಲ್ಯಾಶ್ ಓಡದಂತೆಯೇ ತಡೆದಾಗ, ಹಿಂದಿನ ದಶಕದಲ್ಲಿ ಫ್ಲ್ಯಾಶ್ ರೂಪದಲ್ಲಿ ಮಾಡಿಸಿಟ್ಟ ಕೋರ್ಸುಗಳು ತೆರೆ ಮೇಲೆ ಖಾಲಿ ಚೌಕಗಳಾದವು. ಮೂಲ ಕಡತ ಇಟ್ಟುಕೊಂಡಿದ್ದವರು ಬ್ರೌಸರಿನಲ್ಲೇ ಓಡುವ ಎಚ್‌ಟಿಎಂಎಲ್5 ರೂಪಕ್ಕೆ ಬದಲಿಸಿಕೊಂಡರು. ಇಲ್ಲದವರು ಮತ್ತೆ ಹಣ ತೆತ್ತು ಮೊದಲಿನಿಂದ ಮಾಡಿಸಿದರು. ಆ ಪರಿವರ್ತನೆಯ ಗುತ್ತಿಗೆಗಳೂ ಭಾರತದ ಕಂಪನಿಗಳಿಗೆ ಧಾರಾಳವಾಗಿ ಬಂದವು; ಒಬ್ಬರ ನಷ್ಟ ಇನ್ನೊಬ್ಬರ ವ್ಯಾಪಾರ.

ದೀಕ್ಷಾದಲ್ಲಿ ಕನ್ನಡ ಬಂದದ್ದರ ಹಿನ್ನೆಲೆ, ಮೂಲ ಕಡತ ತಯಾರಕರಲ್ಲೇ ಉಳಿಯುವ ಈ ರೂಢಿಗೆ ವ್ಯತಿರಿಕ್ತ. ನಂದನ್ ನಿಲೇಕಣಿ, ರೋಹಿಣಿ ನಿಲೇಕಣಿ, ಶಂಕರ್ ಮರುವಾಡ ಸ್ಥಾಪಿಸಿದ ಬೆಂಗಳೂರಿನ ಎಕ್‌ಸ್ಟೆಪ್ ಪ್ರತಿಷ್ಠಾನ ‘ಸನ್‌ಬರ್ಡ್’ ಎಂಬ ಮುಕ್ತ ತಂತ್ರಾಂಶವನ್ನು ಕಟ್ಟಿತು. 2017ರ ಸೆಪ್ಟೆಂಬರ್ 5ರಂದು ಆರಂಭವಾದ ದೀಕ್ಷಾ ನಿಂತಿರುವುದು ಅದರ ಮೇಲೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸಂಪುಟ ಒಪ್ಪಿದ ಮಿಷನ್ ಕರ್ಮಯೋಗಿಯ ಐಗಾಟ್ ವೇದಿಕೆ, ಅಂದರೆ ಸರ್ಕಾರಿ ನೌಕರರ ಆನ್‌ಲೈನ್ ತರಬೇತಿ, ಅದೂ ಸನ್‌ಬರ್ಡ್ ಬಳಗದ್ದೇ. ಇಲ್ಲಿ ಪಾಠ ಕಟ್ಟುವ ಸಂಪಾದಕ ವೇದಿಕೆಯೊಳಗೇ ಇದೆ. ದೀಕ್ಷಾದ ಪಾಠಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬರುತ್ತವೆ. ಅನುಮತಿ ಪಡೆದ ರಚನಕಾರರು ಇನ್ನೊಬ್ಬರ ಪಾಠವನ್ನು ನಕಲು ಮಾಡಿಕೊಂಡು ತಮ್ಮ ಭಾಷೆಗೆ ಒಗ್ಗಿಸಬಹುದು. ಮೂಲ ಬೇರೆ, ಪೊಟ್ಟಣ ಬೇರೆ ಎಂಬ ಗೋಡೆ ತೀರ ತಗ್ಗಿದೆ. ಸನ್‌ಬರ್ಡ್ ಪಾಠಗಳೆಲ್ಲ ಒಳ್ಳೆಯ ಪಾಠಗಳೆಂದು ನಾನು ಹೇಳಲಾರೆ. ಭಾಷಣದ ವಿಡಿಯೊಗೆ ನಾಲ್ಕು ಪ್ರಶ್ನೆ ಅಂಟಿಸಿ ಕೋರ್ಸೆಂದು ಕರೆದದ್ದು ಅಲ್ಲೂ ಬೇಕಾದಷ್ಟಿದೆ. ಆದರೆ ಅವನ್ನು ತಿದ್ದುವ ಹಕ್ಕು ಉಳಿದಿದೆ.

    

ಕನ್ನಡದ ತರಬೇತಿ ತುರ್ತಾಗಿ ಬೇಕಿರುವುದು ಕಚೇರಿಗಿಂತ ಹೆಚ್ಚಾಗಿ ಸಂಡೂರಿನ ಗಣಿಗಳಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಗುತ್ತಿಗೆ ಕೆಲಸದಲ್ಲಿ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಸೀಮೆಯ ಜನರಿಗೆ ಅವು ದೂರವಲ್ಲ. ಗಣಿ ಕಾರ್ಮಿಕರಿಗೆ ತರಬೇತಿ ಕೊಡಲೇಬೇಕೆಂಬ ನಿಯಮಗಳು 1966ರಲ್ಲೇ ಬಂದಿದ್ದವು. ಅಲ್ಲಿ ಅರ್ಥವಾಗದ ಸ್ಲೈಡಿಗೆ ‘ಮುಗಿಯಿತು’ ಎಂಬ ಗುರುತು ಬಿದ್ದರೆ ಅದು ಪ್ರಾಣದ ಪ್ರಶ್ನೆ.

ಆದ್ದರಿಂದ ತರಬೇತಿಗೆ ಟೆಂಡರ್ ಕರೆಯುವ ಇಲಾಖೆಗಳಿಗೂ ನಿಗಮಗಳಿಗೂ ಕಾರ್ಖಾನೆಗಳಿಗೂ ವಿನಂತಿ ಇಷ್ಟೇ: ಜಿಪ್ ಪೊಟ್ಟಣದ ಜತೆಗೆ ಮೂಲ ಕಡತ, ಸ್ಟೋರಿಬೋರ್ಡ್, ಧ್ವನಿ ಕಡತಗಳು ಮತ್ತು ಅವನ್ನು ತಿದ್ದುವ ಹಕ್ಕು, ಇವಿಷ್ಟನ್ನೂ ಒಪ್ಪಿಸಬೇಕೆಂಬ ಷರತ್ತು ಹಾಕಿ. ಸ್ಟೋರಿಬೋರ್ಡನ್ನು ಮೊದಲು ಕನ್ನಡದಲ್ಲೇ ಬರೆಸಿ. ಇದಕ್ಕೆ ಹೊಸ ತಂತ್ರಾಂಶವಾಗಲಿ ಹೊಸ ಕಾಯ್ದೆಯಾಗಲಿ ಬೇಕಿಲ್ಲ.