20 ಲೀಟರ್ ಕ್ಯಾನಿನಿಂದ ಮನೆಗೆಲ್ಲ ಅಡುಗೆ ಗ್ಯಾಸ್: ಎಷ್ಟು ನಿಜ?

"ಅಡುಗೆಮನೆ ಕಸವನ್ನು 20 ಲೀಟರ್ ಕ್ಯಾನಿಗೆ ಹಾಕಿ ಮುಚ್ಚಿಡಿ, ಇನ್ನು ಸಿಲಿಂಡರ್ ಬೇಡ" ಎನ್ನುವ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ಅದರಲ್ಲಿ ಅರ್ಧ ಮಾತ್ರ ನಿಜ.

ಗ್ಯಾಸ್ ಬರುವುದು ನಿಜ. ಗಾಳಿಯಾಡದ ಕಡೆ ಸಗಣಿ, ತರಕಾರಿ ಸಿಪ್ಪೆ, ಉಳಿದ ಅನ್ನ ಕೊಳೆತಾಗ ಸೂಕ್ಷ್ಮಜೀವಿಗಳು ಉರಿಯುವ ಮೀಥೇನ್ ಅನಿಲವನ್ನು ಉಂಟುಮಾಡುತ್ತವೆ.

ತಪ್ಪಿರುವುದು ಲೆಕ್ಕದಲ್ಲಿ. 1 ಕಿಲೋ ಸಗಣಿಯಿಂದ ಸಿಗುವುದು ಸುಮಾರು 40 ಲೀಟರ್ ಗ್ಯಾಸ್. ನಾಲ್ಕೈದು ಜನರ ಅಡುಗೆಗೆ ದಿನಕ್ಕೆ ಸುಮಾರು 1,000 ಲೀಟರ್ ಬೇಕು. ಅಂದರೆ ದಿನವೂ 25 ಕಿಲೋ ಸಗಣಿ. ಹಾವೇರಿ ಜಿಲ್ಲೆಯ ಹಿರೇಬೆಂಡಿಗೇರಿಯಂಥ ಊರಿನಲ್ಲಿ ಮೂರು ದನಗಳಿರುವ ಮನೆಗೆ ಇದು ಸಾಧ್ಯ. ದನವಿಲ್ಲದ ಮನೆಯ ಒಂದೆರಡು ಕಿಲೋ ಕಸದಿಂದ ಸಾಧ್ಯವಿಲ್ಲ.

ವಿಜ್ಞಾನಿಗಳಿಗೂ ಈ ಲೆಕ್ಕ ಅಡ್ಡ ಬಂದಿತ್ತು. ತುಮಕೂರು ಜಿಲ್ಲೆಯ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಕೆ.ಎನ್. ರೆಡ್ಡಿ ಅವರ ತಂಡ ಇಡೀ ಊರಿಗೆ ಅಡುಗೆ ಗ್ಯಾಸ್ ಕೊಡಲು ಹೊರಟಿತ್ತು. ಸಗಣಿ ಸಾಲಲಿಲ್ಲ. 1987ರಿಂದ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಮನೆಗಳಿಗೆ ನೀರು, ಬೆಳಕು ಕೊಟ್ಟರು.

ಇನ್ನು ಅಪಾಯ. ಬಿಗಿಯಾಗಿ ಮುಚ್ಚಿದ ಕ್ಯಾನ್ ಒತ್ತಡಕ್ಕೆ ಸಿಡಿಯಬಹುದು. ಸೋರಿದ ಗ್ಯಾಸ್ ಗಾಳಿಯೊಂದಿಗೆ ಬೆರೆತರೆ ಒಂದು ಕಿಡಿ ಸಾಕು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ವಿಷಕಾರಿ. ಗ್ಯಾಸ್ ಗುಂಡಿಯೊಳಗೆ ಯಾರೂ ಇಳಿಯಬಾರದು.

ದನಗಳಿದ್ದರೆ ತಿಳಿದವರಿಂದಲೇ ಗೋಬರ್ ಗ್ಯಾಸ್ ಘಟಕ ಕಟ್ಟಿಸಿ. ಇಲ್ಲದಿದ್ದರೆ ಕಸವನ್ನು ಗೊಬ್ಬರ ಮಾಡಿ. ಆ ವಿಡಿಯೋ ಮತ್ತೆ ಬಂದರೆ, ಕಳಿಸಿದವರಿಗೆ ಈ ಲೆಕ್ಕವನ್ನೂ ಕಳಿಸಿ.