ಸೂಳೆಕೆರೆ: ಚನ್ನಗಿರಿ ಸೀಮೆಯ ಒಂದು ವರ್ಷ

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿರುವ ಸೂಳೆಕೆರೆ ಕರ್ನಾಟಕದ ಅತಿ ದೊಡ್ಡ ಹಳೆಯ ಕೆರೆಗಳಲ್ಲಿ ಒಂದು. ಶಾಂತಿಸಾಗರ ಎಂಬ ಹೆಸರೂ ಇದಕ್ಕಿದೆ. ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ಈ ಕೆರೆ ತುಂಬಿದಾಗ ನೀರು ಸುಮಾರು 6,550 ಎಕರೆಯಷ್ಟು ಹರಡುತ್ತದೆ. ಉದ್ದ 8 ಕಿ.ಮೀ.ಗಿಂತ ಹೆಚ್ಚು, ಅಗಲ ನಾಲ್ಕೂವರೆ ಕಿ.ಮೀ. ಸುತ್ತಿನ ಗುಡ್ಡಗಳಿಂದ ನೀರು ಹರಿದು ಬರುವ ಜಲಾನಯನ ಪ್ರದೇಶ 81,000 ಎಕರೆಗೂ ಮಿಗಿಲು. ಇದು ತಾನಾಗಿ ಉಂಟಾದದ್ದಲ್ಲ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಏರಿ ಹಾಕಿ, ಹರಿದ್ರಾ ಹಳ್ಳದ ನೀರನ್ನು ತಡೆದು ಜನ ಕಟ್ಟಿಕೊಂಡ ಕೆರೆ. ಹಾಗಾಗಿ ಇಲ್ಲಿಗೆ ಬರುವವರ ಕಣ್ಣಿಗೆ ಯಾವ ತಿಂಗಳಲ್ಲಿ ಏನು ಕಾಣುತ್ತದೆ ಎಂಬುದನ್ನು ಮಳೆಯೂ ಬೇಸಾಯವೂ ಸೇರಿ ತೀರ್ಮಾನಿಸುತ್ತವೆ.

ಕೆರೆಯನ್ನು 12ನೇ ಶತಮಾನದಲ್ಲಿ ಕಟ್ಟಲಾಯಿತು ಎಂಬುದು ರೂಢಿಯ ಮಾತು. ಸ್ಥಳಪುರಾಣದ ಪ್ರಕಾರ ಇಲ್ಲಿ ಸ್ವರ್ಗವತಿ ಎಂಬ ಪಟ್ಟಣವಿತ್ತು. ಅಲ್ಲಿನ ರಾಜನ ಮಗಳು ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ, ಬೇಕಾದ ನೆಲ ಸೂಳೆಯರಿಗೆ ಸೇರಿತ್ತು. ಕೆರೆಗೆ ತಮ್ಮ ಹೆಸರಿಡಬೇಕು ಎಂಬ ಕರಾರಿನ ಮೇಲೆ ಅವರು ನೆಲ ಬಿಟ್ಟುಕೊಟ್ಟರಂತೆ. ಏರಿಯ ಬಳಿ ಸಿದ್ದೇಶ್ವರನ ಗುಡಿಯಿದ್ದು, ಕೆರೆ ನೋಡಲು ಬಂದವರು ಅಲ್ಲಿಗೆ ಹೋಗಿ ಕೈಮುಗಿದು ಬರುವುದು ವಾಡಿಕೆ.

ಕೆರೆಯ ಹರವಿಗೆ ಹೋಲಿಸಿದರೆ ಏರಿಯ ಉದ್ದ ಕಡಿಮೆ, ಎತ್ತರ ಮತ್ತು ದಪ್ಪ ಮಾತ್ರ ಬಹಳ ಹೆಚ್ಚು. ಕಣಿವೆ ಇಕ್ಕಟ್ಟಾಗಿರುವುದರಿಂದ ಗುಡ್ಡದಿಂದ ಗುಡ್ಡಕ್ಕೆ ಹಾಕಿದ ಉದ್ದ ಕಡಿಮೆಯ ಏರಿಯೇ ಇಷ್ಟು ನೀರನ್ನು ನಿಲ್ಲಿಸುತ್ತದೆ. ಜಾಗ ಆರಿಸಿದವರ ಜಾಣ್ಮೆ ಇಲ್ಲಿಯೇ ಇದೆ. 19ನೇ ಶತಮಾನದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ ಈ ಏರಿಯನ್ನು ಪರಿಶೀಲಿಸಿದ್ದರು. ಏರಿ ತೀರ ನೆಟ್ಟಗಿದೆ, ತುದಿಗಳಿಗಿಂತ ನಡುವಿನಲ್ಲಿ ಕಿರಿದಾಗಿದೆ ಎಂಬ ಲೋಪಗಳನ್ನು ಅವರು ಗುರುತಿಸಿದರು. ಬಹುಕಾಲ ಯಾರೂ ಗಮನ ಕೊಡದಿದ್ದರೂ ಅದು ಗಟ್ಟಿಯಾಗಿಯೇ ಉಳಿದಿರುವುದಕ್ಕೆ ಮಣ್ಣಿನ ಕೆಲಸದ ಗುಣಮಟ್ಟವೇ ಕಾರಣ ಎಂದೂ ಹೇಳಿದರು. ಸಿದ್ಧ ಮತ್ತು ಬಸವ ಎಂಬ ಹೆಸರಿನ ಎರಡು ತೂಬುಗಳಿಂದ ನಾಲೆಗಳು ಹೊರಟು ಕೆಳಗಿನ ಸುಮಾರು 4,700 ಎಕರೆಗೆ ನೀರುಣಿಸುತ್ತವೆ. ಕೆರೆ ದಾಟಿದ ಹರಿದ್ರಾ ಉತ್ತರಕ್ಕೆ ಹರಿದು ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ.

ಜೂನ್‌ನಲ್ಲಿ ಮುಂಗಾರು ಕಾಲಿಟ್ಟಾಗ ಕೆರೆ ತನ್ನ ವರ್ಷದ ಅತಿ ಕಡಿಮೆ ಮಟ್ಟದಲ್ಲಿರುತ್ತದೆ. ಮೊದಲ ಮಳೆಯ ನೀರನ್ನು ಒಣಗಿದ ಗುಡ್ಡಗಳೇ ಹೀರಿಕೊಳ್ಳುತ್ತವೆ. ಆರಿದ್ರೆ, ಪುನರ್ವಸು, ಪುಷ್ಯ ಮಳೆಗಳು ಹಿಡಿದ ಮೇಲೆ ಹಳ್ಳಗಳು ಕೆಂಪಗೆ ಹರಿದು ಬರುತ್ತವೆ. ಚನ್ನಗಿರಿ ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಅರೆಮಲೆನಾಡು. ಭದ್ರಾ ಕಾಡಿನ ಅಂಚಿನ ಉಬ್ರಾಣಿ ಕಡೆ ಮಳೆ ಹೆಚ್ಚು, ಪೂರ್ವಕ್ಕೆ ಸರಿದಂತೆ ಕಡಿಮೆ. ಈ ತಿಂಗಳುಗಳಲ್ಲಿ ಏರಿಯ ಮೇಲೆ ಗಾಳಿ ಜೋರು. ನೀರಿನ ಆಚೆ ದಡ ಜಿಟಿಮಳೆಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಗುಡ್ಡಗಳು ಹಸಿರೇರುವುದನ್ನು ನೋಡಲು ಇದೇ ಸಮಯ. ಆದರೆ ಕಲ್ಲುಗಳು ಜಾರುವುದರಿಂದ ನೀರಿಗಿಳಿಯುವುದು ಅಪಾಯ.

ಅಕ್ಟೋಬರ್‌ನಿಂದ ಜನವರಿವರೆಗಿನ ದಿನಗಳು ಈ ಸೀಮೆಯನ್ನು ಸುತ್ತಲು ಹೇಳಿ ಮಾಡಿಸಿದಂಥವು. ಚಿತ್ತೆ, ಸ್ವಾತಿ ಮಳೆಗಳು ಚೆನ್ನಾಗಿ ಬಂದರೆ ಹಿಂಗಾರಿನಲ್ಲಿ ಕೆರೆಯ ಮಟ್ಟ ಇನ್ನಷ್ಟು ಏರುತ್ತದೆ. ಆಕಾಶ ತಿಳಿಯಾಗಿ ಇಡೀ ಹರವು ಏರಿಯಿಂದ ಒಂದೇ ನೋಟಕ್ಕೆ ಸಿಗುತ್ತದೆ. ಅಂಚಿನ ಕೆಸರಿನಲ್ಲಿ ಬೆಳ್ಳಕ್ಕಿ, ನಡುನೀರಿನಲ್ಲಿ ನೀರುಕಾಗೆ ಮತ್ತು ಬಾತುಗಳು ಕಾಣುತ್ತವೆ. ಇದೇ ಕಾಲಕ್ಕೆ ಊರೂರಲ್ಲೂ ಅಡಿಕೆ ಕೊಯ್ಲು. ಚೇಣಿ (ಫಸಲಿನ ಗುತ್ತಿಗೆ) ಹಿಡಿದವರು ತೋಟದಿಂದ ಗೊನೆ ಇಳಿಸಿ, ಕಾಯಿ ಸುಲಿಸಿ, ಹಂಡೆಯಲ್ಲಿ ಬೇಯಿಸಿ, ಚೊಗರು (ಅಡಿಕೆ ಬೇಯಿಸಿದ ಗಟ್ಟಿ ರಸ) ಹಾಕಿ ಕಣದಲ್ಲಿ ಒಣಗಿಸುತ್ತಾರೆ. ಚನ್ನಗಿರಿಯ ತೋಟಗಾರರ ಸಹಕಾರ ಸಂಘ ತುಮ್ಕೋಸ್ ಅಡಿಕೆ ವಹಿವಾಟಿಗೆ ರಾಜ್ಯದಾದ್ಯಂತ ಹೆಸರಾಗಿದೆ. ರಾಶಿ ಅಡಿಕೆಯ ಧಾರಣೆ ಏರಿದರೆ ಪೇಟೆಯ ವ್ಯಾಪಾರವೆಲ್ಲ ಏರುತ್ತದೆ.

ಹಳೆಯ ಊರುಗಳನ್ನು ನೋಡುವುದಕ್ಕೂ ಈ ತಂಪು ದಿನಗಳೇ ಅನುಕೂಲ. 1671ರಿಂದ 1696ರವರೆಗೆ ಆಳಿದ ಕೆಳದಿ ರಾಣಿ ಚೆನ್ನಮ್ಮಾಜಿಯ ಹೆಸರನ್ನು ಚನ್ನಗಿರಿ ಪಟ್ಟಣ ಹೊತ್ತಿದೆ. ಊರ ಪಕ್ಕದ ಬೆಟ್ಟದ ಮೇಲೆ ಕೋಟೆಯೂ ರಂಗನಾಥನ ಗುಡಿಯೂ ಇವೆ. ಹೊದಿಗೆರೆಯಲ್ಲಿ ಶಿವಾಜಿಯ ತಂದೆ ಶಹಾಜಿ ಭೋಂಸ್ಲೆಯ ಸಮಾಧಿಯಿದೆ. 1664ರಲ್ಲಿ ಬೇಟೆಯಾಡುವಾಗ ಕುದುರೆಯಿಂದ ಬಿದ್ದು ಅವರು ಈ ಪ್ರದೇಶದಲ್ಲಿ ಮಡಿದರು. ಬಸವಾಪಟ್ಟಣ ಮತ್ತು ಸಂತೇಬೆನ್ನೂರು ತರೀಕೆರೆ ಪಾಳೆಯಗಾರರ ಮನೆತನದ ಹಳೆಯ ನೆಲೆಗಳು. ಸಂತೇಬೆನ್ನೂರಿನ ಪುಷ್ಕರಣಿಯನ್ನು ಈ ಮನೆತನದ ಹನುಮಪ್ಪ ನಾಯಕ 16ನೇ ಶತಮಾನದಲ್ಲಿ ಕಟ್ಟಿಸಿದ. ನಾಲ್ಕೂ ಕಡೆ ಮೆಟ್ಟಿಲು, ನೀರಿನ ನಟ್ಟನಡುವೆ ವಸಂತ ಮಂಟಪ. ದಡದ ಮುಸಾಫಿರಖಾನೆ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನ ಕಾಲದ್ದು. ಸೂಳೆಕೆರೆ ಹೊಲಗದ್ದೆಗಾಗಿ ಮಣ್ಣಿನಲ್ಲಿ ಕಟ್ಟಿದ್ದು, ಪುಷ್ಕರಣಿ ಅರಸರ ಉತ್ಸವ ವಿಹಾರಕ್ಕಾಗಿ ಕಲ್ಲಿನಲ್ಲಿ ಕಟ್ಟಿದ್ದು; ಒಂದೇ ದಿನದಲ್ಲಿ ಎರಡನ್ನೂ ನೋಡಬಹುದು.

ಫೆಬ್ರವರಿ ಕಳೆದಂತೆ ಬಿಸಿಲು ಬಲಿಯುತ್ತದೆ. ನೀರು ಹಿಂದೆ ಸರಿದು ಅಂಚಿನಲ್ಲಿ ಅಗಲವಾದ ಮಣ್ಣಿನ ಪಟ್ಟಿ ತೆರೆದುಕೊಳ್ಳುತ್ತದೆ. ಅಲ್ಲಿ ಹುಲ್ಲು ಚಿಗುರಿದರೆ ದನಕುರಿಗಳು ಮೇಯುತ್ತವೆ. ಮೀನುಗಾರರಿಗೆ ಇದು ಬಿಡುವಿಲ್ಲದ ಕಾಲ: ನೀರು ಇಳಿದಷ್ಟೂ ಬಲೆಗೆ ಮೀನು ಸುಲಭವಾಗಿ ಬೀಳುತ್ತದೆ. ಅತ್ತ ಕುಡಿಯುವ ನೀರಿನ ಬೇಡಿಕೆಯೂ ಇದೇ ತಿಂಗಳುಗಳಲ್ಲಿ ತುದಿ ಮುಟ್ಟುತ್ತದೆ. ಚಿತ್ರದುರ್ಗ ನಗರವೂ ಸೇರಿ ಹಲವು ಊರುಗಳಿಗೆ ಇಲ್ಲಿಂದ ನೀರು ಪೂರೈಕೆಯಾಗುವುದರಿಂದ, ಬೇಸಿಗೆಯಲ್ಲಿ ಕೆರೆಯ ಮಟ್ಟ ಎಷ್ಟಿದೆ ಎಂಬುದು ಅಚ್ಚುಕಟ್ಟಿನ ರೈತರಿಗಷ್ಟೇ ಸೇರಿದ ವಿಷಯವಾಗಿ ಉಳಿದಿಲ್ಲ.

ಸುತ್ತಲ ತಾಲ್ಲೂಕುಗಳ ಜೊತೆಗಿಟ್ಟು ನೋಡಿದರೆ ಈ ಕೆರೆಯ ಬೆಲೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಹೊನ್ನಾಳಿ ತುಂಗಭದ್ರೆಯ ದಡದ ಊರು. ಮಳೆಗಾಲದಲ್ಲಿ ಅಲ್ಲಿ ನೆರೆಯ ಚಿಂತೆ. 2018ರಲ್ಲಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯಲ್ಲಿ ತೀರ್ಥರಾಮೇಶ್ವರ ಮತ್ತು ಬಂಜಾರರ ಯಾತ್ರಾಸ್ಥಳ ಸೂರಗೊಂಡನಕೊಪ್ಪಗಳಿವೆ. ಸಂತ ಸೇವಾಲಾಲರ ಜಯಂತಿಗೆ ಫೆಬ್ರವರಿಯಲ್ಲಿ ಸೂರಗೊಂಡನಕೊಪ್ಪಕ್ಕೆ ಜನಸಾಗರ ಹರಿದು ಬರುತ್ತದೆ. ಜಿಲ್ಲೆಯ ಇನ್ನೊಂದು ತುದಿಯ ಜಗಳೂರು ಬರದ ಸೀಮೆ. ಅಲ್ಲಿನ ರಂಗಯ್ಯನದುರ್ಗದ ಕುರುಚಲು ಕಾಡು ಕೊಂಡುಕುರಿಗಳ ಅಭಯಾರಣ್ಯ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳೂ ಚಿತ್ರದುರ್ಗದಿಂದ ಜಗಳೂರೂ ಬಂದು ಸೇರಿದವು. ಹೀಗೆ ನೆರೆಗೆ ಅಂಜುವವರು, ಮಳೆಗೆ ಕಾಯುವವರು ಒಂದೇ ಜಿಲ್ಲೆಯವರಾದರು; ಇವರ ನಡುವೆ ಮಳೆನೀರನ್ನು ಹಿಡಿದಿಟ್ಟುಕೊಳ್ಳುವ ಕೆರೆ ಚನ್ನಗಿರಿಯದು.

ಕೆರೆಯನ್ನು ಇಂದು ಕಾಡುವ ತೊಂದರೆಗಳು ಎರಡು. ಒಂದು ಹೂಳು: ಶತಮಾನಗಳಿಂದ ಗುಡ್ಡದ ಮಣ್ಣು ತಳಕ್ಕೆ ಸೇರುತ್ತಲೇ ಇದೆ. ಇನ್ನೊಂದು ಒತ್ತುವರಿ: ನೀರು ಇಳಿದಾಗ ಬಯಲಾಗುವ ಅಂಚು ನಿಧಾನವಾಗಿ ತೋಟವಾಗುತ್ತದೆ. ಗಡಿ ಅಳೆದು ಗುರುತಿಸಬೇಕು, ಹೂಳು ತೆಗೆಸಬೇಕು ಎಂಬುದು ಸುತ್ತಲ ಹಳ್ಳಿಗಳ ಹಳೆಯ ಬೇಡಿಕೆ. ಪ್ರವಾಸಿ ತಾಣವಾಗಿ ಬೆಳೆಸುವ ಮಾತುಗಳೂ ಆಗಾಗ ಕೇಳಿಬರುತ್ತವೆ. ಸದ್ಯಕ್ಕೆ ಹೆಚ್ಚಿನವರು ಬೆಳಿಗ್ಗೆ ಬಂದು ಸಂಜೆಗೆ ಮರಳುತ್ತಾರೆ. ಚನ್ನಗಿರಿಯಿಂದ ಕೆರೆಗೆ ಸುಮಾರು 20 ಕಿ.ಮೀ.; ರೈಲಿನಲ್ಲಿ ಬರುವವರು ಬೆಂಗಳೂರು–ಹುಬ್ಬಳ್ಳಿ ಮಾರ್ಗದ ದಾವಣಗೆರೆಯಲ್ಲಿ ಇಳಿಯಬೇಕು. ವಸತಿಗೆ ದಾವಣಗೆರೆಯೇ ಅನುಕೂಲ.